ಹಡಗಿನ ಮೇಲಿನ ಹೆಬ್ಬೆರಳು

ಬೆಳಿಗ್ಗೆ ಎಂಟಕ್ಕೆ ಮೊಚಿಜುಕಿ ಫೋನ್ ಮಾಡಿದ. ಅಳುತ್ತಿದ್ದ. ಅರವತ್ತೆರಡರ ಗಂಡಸು ಪ್ಲಾಸ್ಟಿಕ್ ಹಡಗಿಗಾಗಿ ಅತ್ತರೆ ಬೇರೆ ಊರಲ್ಲಿ ನಗೆಪಾಟಲು. ಪ್ಲಾಸ್ಟಿಕ್ ಮಾದರಿಗಳಿಗೇ ಹೆಸರಾದ ನಮ್ಮ ಶಿಜುಓಕಾದಲ್ಲಿ ಅಲ್ಲ.

"ಕದ್ರಾ?"

"ಇಲ್ಲ. ಉಜ್ಜಿದ್ದಾರೆ. ಅಪ್ಪನ ಬೆರಳು ಹೋಯ್ತು."

ಮಾದರಿ ಜೋಡಿಸುವವರ ನಮ್ಮ ಕ್ಲಬ್ಬಿನ ಕೋಣೆಗೆ ಓಡಿದೆ. ಪ್ರದರ್ಶನಕ್ಕೆ ಎರಡೇ ಗಂಟೆ ಬಾಕಿ. ಮೊಚಿಜುಕಿ ಹತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಜೋಡಿಸಲು ಕೂತು, ಅರ್ಧಕ್ಕೇ ಬಿಟ್ಟಿದ್ದ ಮೀನುಗಾರಿಕೆ ಹಡಗು ಅದು. ನಿವೃತ್ತನಾದ ಮೇಲೆ ಮತ್ತೆ ಕೈಗೆತ್ತಿಕೊಂಡಿದ್ದ. ಅಂದು ಅಂಟು ಒಣಗುವ ಮೊದಲೇ ಅಪ್ಪ ಒತ್ತಿ ಹಿಡಿದಿದ್ದರಿಂದ ಹಡಗಿನ ಪಕ್ಕೆಯಲ್ಲಿ ಅವರ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದ್ದವು. ತೀರಿಹೋದ ಮನುಷ್ಯನದು ಉಳಿದದ್ದು ಅಷ್ಟೇ. ಈಗ ಅಲ್ಲಿ ಬರೀ ನುಣುಪು.

ಮೂವತ್ತು ವರ್ಷ ನಾನು ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ತೆಗೆದವನು. ಬೆರಳಚ್ಚು ಅಳಿಸಿತೆಂದು ಅತ್ತವರನ್ನು ಕಂಡದ್ದು ಇದೇ ಮೊದಲು.

\* \* \*

"ಶಿರೈದೇ ಕೆಲಸ," ಎಂದ ಮೊಚಿಜುಕಿ.

ಅನುಮಾನಕ್ಕೆ ಕಾರಣವಿತ್ತು. ಎಷ್ಟೋ ವರ್ಷಗಳ ಮೇಲೆ ಈ ಹವ್ಯಾಸಕ್ಕೆ ಮರಳುವವರನ್ನು ನಮ್ಮಲ್ಲಿ, ಗಂಡನನ್ನು ಬಿಟ್ಟು ತವರಿಗೆ ಬಂದವಳು ಎಂದು ಛೇಡಿಸುತ್ತಾರೆ. ಅಂಥ ಮೊಚಿಜುಕಿಗೆ ಪ್ರದರ್ಶನದಲ್ಲಿ ಮುಂದಿನ ಮೇಜು ಸಿಕ್ಕಿತೆಂದು ಕ್ಲಬ್ಬಿನ ಹಳೇ ಸದಸ್ಯ ಶಿರೈ ಉರಿದುಬಿದ್ದಿದ್ದ.

ಅವನು ತನ್ನ ಯುದ್ಧಟ್ಯಾಂಕಿನ ಮಾದರಿ ಉಜ್ಜುತ್ತ ಕೂತಿದ್ದ. ಉಗುರಲ್ಲೆಲ್ಲ ಪುಡಿ.

"ತವರಿಗೆ ಬಂದೋಳಿಗೆ ಮೊದಲ ಪಂಕ್ತೀಲಿ ಊಟವಾ ಅಂದಿದ್ದು ನಾನೇ ಕಣಯ್ಯ. ಹಡಗು ಮಾತ್ರ ಮುಟ್ಟಿಲ್ಲ."

ಪುಡಿ ಹಸಿರು. ಹಡಗು ಇನ್ನೂ ಬಣ್ಣ ಕಾಣದ ಬೂದು ಪ್ಲಾಸ್ಟಿಕ್.

\* \* \*

ಭೂತಗನ್ನಡಿ ಹಿಡಿದೆ. ಉಜ್ಜುವಾಗ ಪಕ್ಕದಲ್ಲಿ ಪ್ಲಾಸ್ಟಿಕ್ಕಿನಲ್ಲೇ ಮೂಡಿಸಿದ್ದ ಪುಟ್ಟ ಮೊಳೆತಲೆಗಳೂ ಅಳಿಸಿದ್ದವು. ಯಾರೋ ಅವನ್ನು ಒಂದೊಂದಾಗಿ ಸೂಜಿಯಿಂದ ಮತ್ತೆ ಮೂಡಿಸಿದ್ದರು. ಹಾಳುಮಾಡಲು ಬಂದವನು ಒಂದು ಗೀರು ಎಳೆದು ಓಡುತ್ತಾನೆ, ಗಂಟೆಗಟ್ಟಲೆ ಕೂತು ಮೊಳೆ ಕೆತ್ತುವುದಿಲ್ಲ. ಇದು ಪ್ರೀತಿಯಿಂದ ಮಾಡಿದ ಕೆಲಸ. ಇಂಥ ಕೈ ಕ್ಲಬ್ಬಿನಲ್ಲಿ ಒಂದೇ ಇತ್ತು.

ಎಂಬತ್ತರ ಹಿರಿಯ ಉಮೆಹಾರ ಚಹಾ ತಂದರು.

"ಉಮೆಹಾರ ಸಾನ್, ಈ ಮೊಳೆಗಳು ನಿಮ್ಮವೇ ಅಲ್ವಾ?"

ಮುದುಕರ ಮುಖ ಅರಳಿತು. "ಗೊತ್ತಾಗೋಯ್ತಾ? ನಿನ್ನೆ ಮಧ್ಯಾಹ್ನ ಪೂರ್ತಿ ಅದೇ ಕೆಲಸ. ಅಂಟಿನ ಕೈಗುರುತು ಇಟ್ಕೊಂಡು ಮುಂದೆ ಕೂತ್ರೆ ಜನ ಆಡ್ಕೋತಾರೆ. ಪಾಪ, ಇವನ ಕಣ್ಣಿಗೆ ಬಿದ್ದಿಲ್ಲ ಅಂದ್ಕೊಂಡೆ."

"ಅದು ಅವರಪ್ಪನ ಗುರುತು."

ಉಮೆಹಾರ ತಪ್ಪಾಯಿತೆಂದು ನೆಲಕ್ಕೆ ಹಣೆ ಹಚ್ಚಿದರು.

ಮೊಚಿಜುಕಿ ಹಡಗಿನ ನುಣುಪಾದ ಪಕ್ಕೆಯನ್ನು ಸವರಿದ.

"ಅಪ್ಪನೂ ಹಿಂಗೇ ಅಂತಿದ್ರು. ನೋಡಿದೋರು ನಗ್ತಾರೆ, ಕೊಡು ಉಜ್ಜಿಬಿಡ್ತೀನಿ ಅಂತ. ಕೊಡಬಾರದು ಅಂತಾನೇ ಹಾಸಿಗೆ ಬೀರುವಿನಲ್ಲಿ ಬಚ್ಚಿಟ್ಟೆ. ಅದಕ್ಕೇ ಅವರಿರೋವರೆಗೂ ಇದು ಮುಗೀಲಿಲ್ಲ."

ಅವನು ಮುದುಕರ ತೋಳು ಹಿಡಿದು ಎಬ್ಬಿಸಿದ. ಸಿಟ್ಟು ಇನ್ನೂ ಮುಖದ ಮೇಲಿತ್ತು.

"ಏಳಿ. ಇಬ್ಬರೂ ಸೇರಿ ಮುಗಿಸೋಣ. ಬಣ್ಣ ಹಚ್ಚೋಕೆ ಇನ್ನೂ ಒಂದು ಗಂಟೆ ಇದೆ."