ಕಡಲ ಚಿತ್ರ ಕೊಳ್ಳಲು ಹೋದ ಕೇತಮಲ್ಲ

ಬಹಳ ಬಹಳ ಹಿಂದೆ, ಬೆಟ್ಟಗಳ ನಡುವೆ ಹೊಂಬೆಟ್ಟ ಅಂತ ಒಂದು ರಾಜ್ಯವಿತ್ತು. ಎತ್ತ ನೋಡಿದರೂ ಬೆಟ್ಟ, ಬೆಟ್ಟದಾಚೆ ಮತ್ತೆ ಬೆಟ್ಟ. ಆ ರಾಜ್ಯದಲ್ಲಿ ಕಡಲು ಕಂಡವರು ಒಬ್ಬರೂ ಇರಲಿಲ್ಲ, ದುಗ್ಗಲೆಯೊಬ್ಬಳನ್ನು ಬಿಟ್ಟು. ದುಗ್ಗಲೆ ಯುವರಾಜ ಕೇತಮಲ್ಲನ ಹೆಂಡತಿ. ಕಡಲ ತೀರದ ಒಂದು ಪುಟ್ಟ ರಾಜ್ಯದಿಂದ ಮದುವೆಯಾಗಿ ಬಂದವಳು.

ಗಂಡ ಹೆಂಡತಿ ಚೆನ್ನಾಗಿದ್ದರು. ಸಂಜೆ ಹೊತ್ತು ದುಗ್ಗಲೆ ಜಗಲಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತ ತವರಿನ ಕಡಲಿನ ಸುದ್ದಿ ಹೇಳುತ್ತಿದ್ದಳು. ಕೇತಮಲ್ಲ ಎಲೆಯಡಿಕೆ ಮೆಲ್ಲುತ್ತ ಕೇಳುತ್ತಿದ್ದ. ಬೇರೆ ರಾಜಕುಮಾರರಿಗೆ ಬೇಟೆ ಹೇಗೋ, ಇವನಿಗೆ ಹೆಂಡತಿಯ ಮಾತು ಹಾಗೆ.

ಹೀಗಿರುವಾಗ ದುಗ್ಗಲೆ ಬಸುರಿಯಾದಳು. ಅರಮನೆಗೆಲ್ಲ ಹಬ್ಬ. ಅತ್ತೆ ಹತ್ತಿರ ಕೂರಿಸಿಕೊಂಡು ಬೆನ್ನು ಸವರಿ ಕೇಳಿದಳು: "ಏನು ಬಯಕೆಯಮ್ಮ? ನಾಚಿಕೊಳ್ಳದೆ ಹೇಳು."

"ತಿನ್ನೋದು ಏನೂ ಬೇಡ ಅತ್ತೆ. ಒಂದು ಸಲ ಕಡಲು ನೋಡಬೇಕು ಅನ್ನಿಸ್ತಿದೆ."

ಅತ್ತೆ ಬೆಪ್ಪಾದಳು. ರಾಜವೈದ್ಯರನ್ನು ಕರೆಸಿದರೆ ಅವರು ತಲೆಯಾಡಿಸಿಬಿಟ್ಟರು. "ಬಸುರಿ ಹೆಂಗಸು ಆ ಘಟ್ಟ ಇಳಿಯುವುದುಂಟೇ? ಬೇಡವೇ ಬೇಡ." ದುಗ್ಗಲೆ ನಕ್ಕು, "ಹೋಗಲಿ ಬಿಡಿ" ಅಂದಳು. ಆದರೆ ಅಂದಿನಿಂದ ಅವಳಿಗೆ ತುತ್ತು ಇಳಿಯಲಿಲ್ಲ. ಪಡುವಣ ಕಿಟಕಿಯ ಹತ್ತಿರ ಕೂತವಳು ಅಲ್ಲೇ ಕೂತಿರುತ್ತಿದ್ದಳು. ಕೆನ್ನೆ ಬತ್ತಿತು, ಕಣ್ಣು ಒಳಕ್ಕೆ ಹೋದವು.

ಆಗ ಅರಮನೆಗೆ ಬಳೆ ತೊಡಿಸಲು ಬಂದ ಕೆಂಚವ್ವ ಒಂದು ಸುದ್ದಿ ಹೇಳಿದಳು. "ಮೂಡಣ ಕಾಡು ದಾಟಿದರೆ ಮಸಿಜೋಗಿ ಅನ್ನೋ ಮಾಯಗಾರನ ಮನೆ ಇದೆ ಒಡೆಯಾ. ಅಲ್ಲಿ ಕಡಲ ಚಿತ್ರಗಳು ಸಿಗ್ತವೆ. ಮೂಲ ಚಿತ್ರ ಬರೆದವಳು ಮಾಕವ್ವೆ ಅಂತ, ಕಡಲ ದಂಡೆಯವಳು. ಈಗ ಅವಳೆಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ಜೋಗಿ ಅವುಗಳ ನಕಲು ಮಾಡಿಸಿ ಕೊಡ್ತಾನಂತೆ. ಗೋಡೆಗೆ ತೂಗುಹಾಕಿದರೆ ಅಲೆ ಏಳ್ತದಂತೆ, ಗಾಳಿ ಬೀಸ್ತದಂತೆ, ಥೇಟ್ ಕಡಲೇ ಅಂತೆ! ಆದರೆ ಕೊಳ್ಳೋಕೆ ಹೋದವರು ಒಬ್ಬರೂ ವಾಪಸ್ ಬಂದಿಲ್ಲ. ನನ್ನ ತಮ್ಮನೂ ಹೋದ, ಬರಲಿಲ್ಲ. ಯೋಚನೆ ಮಾಡಿ."

ಕೇತಮಲ್ಲ ಬಹಳ ಯೋಚನೆ ಮಾಡಲಿಲ್ಲ. ಕುದುರೆಗೆ ಜೀನು ಬಿಗಿದ. ದುಗ್ಗಲೆ ಬಾಗಿಲ ತನಕ ಬಂದು, ಅವನ ತೋಳು ಹಿಡಿದು ಅಂದಳು: "ಚಿತ್ರ ನಕಲಾದರೂ ನನಗೆ ಸಾಕು. ನೀವು ಮಾತ್ರ ನೀವೇ ಆಗಿ ಬನ್ನಿ."

ಕಾಡು ದಾಟಿದ, ಹೊಳೆ ದಾಟಿದ, ಬಂಡೆಗಳ ಬಯಲು ದಾಟಿದ. ಬಯಲಿನ ಕೊನೆಯಲ್ಲಿ ಕರಿಯ ಗೋಡೆಯ ಮನೆ. ಬಾಗಿಲಲ್ಲಿ ಮಸಿಯಲ್ಲೇ ಮಾಡಿದ ಹುಲಿ. ಅದು ಮೈಮುರಿದು ಎದ್ದು, ಬಾಲದಿಂದ ನೆಲದ ಮೇಲೊಂದು ಕಪ್ಪು ಗೆರೆ ಎಳೆದು, "ಕೊಳ್ಳಲು ಬಂದವನೋ, ನೋಡಲು ಬಂದವನೋ?" ಎಂದು ಕೇಳಿತು.

"ಕೊಳ್ಳಲು."

"ಹಾಗಾದರೆ ಒಳಗೆ ನಡೆ."

ಒಳಗೆ ದೊಡ್ಡ ಪಡಸಾಲೆ. ಸಾಲಾಗಿ ಕೂತ ಗಂಡಸರು, ಹೆಂಗಸರು ತಲೆ ಎತ್ತದೆ ಕಡಲ ಚಿತ್ರ ಬರೆಯುತ್ತಿದ್ದರು. ಒಬ್ಬರ ಮುಖದಲ್ಲೂ ಕಳೆ ಇಲ್ಲ. ಕೈ ಮಾತ್ರ ಆಡುತ್ತಿದ್ದವು. ಎಲ್ಲರ ಕೈಯೂ ಮೊಣಕೈವರೆಗೆ ಕಪ್ಪು. ಪಡಸಾಲೆಯ ಕೊನೆಗೆ, ಉದ್ದನೆಯ ಒರಗುದಿಂಬಿಗೆ ಮೊಣಕೈ ಊರಿ ಮಸಿಜೋಗಿ ಕೂತಿದ್ದ. ಅವನ ಗಡ್ಡದಿಂದ ಮಸಿ ತೊಟ್ಟಿಕ್ಕುತ್ತಿತ್ತು.

"ಬಾ ರಾಜಕುಮಾರ, ಏನು ಬೇಕು?"

"ಕಡಲ ಚಿತ್ರ ಬೇಕಿತ್ತು ಜೋಗಿಗಳೇ. ಹೆಂಡತಿಯ ಬಯಕೆ. ಬೆಲೆ ಏನು ಹೇಳಿ."

"ನನಗೆ ಹೊನ್ನು ಯಾಕೆ?" ಜೋಗಿ ನಕ್ಕ. "ಮೂರು ಸಲ ಎರಡೆರಡು ಚಿತ್ರ ತೋರಿಸ್ತೇನೆ. ಒಂದು, ಕಡಲು ಕಂಡವಳು ಬರೆದದ್ದರ ನಕಲು. ಇನ್ನೊಂದು, ನಾನು ಸುಮ್ಮನೆ ಗೀಚಿದ್ದು. ಸರಿಯಾದ್ದಕ್ಕೆ ಕೈಯಿಟ್ಟರೆ ಚಿತ್ರ ನಿನ್ನದು. ತಪ್ಪಿದ್ದಕ್ಕೆ ಕೈಯಿಟ್ಟರೆ ಕೈ ನನ್ನದು. ಮೂರೂ ಮುಗಿಯೋವರೆಗೆ ಬಾಗಿಲು ತೆರೆಯೋದಿಲ್ಲ."

ಕೇತಮಲ್ಲ ಸಾಲಾಗಿ ಕೂತವರನ್ನು ನೋಡಿದ. ಯಾರೂ ಯಾಕೆ ವಾಪಸ್ ಬರಲಿಲ್ಲ ಅಂತ ಆಗ ತಿಳಿಯಿತು. ಅವನೋ ಹುಟ್ಟಿದಾರಭ್ಯ ಕಡಲು ಕಂಡವನಲ್ಲ!

ಮೊದಲು ಬೆಳಗಿನ ಕಡಲಿನ ಚಿತ್ರಗಳು ಬಂದವು. ಎರಡರಲ್ಲೂ ಕೆಂಪು ಆಕಾಶ, ಎರಡರಲ್ಲೂ ದಡಕ್ಕೆ ಬರುವ ದೋಣಿಗಳು. ಚಿತ್ರದಲ್ಲೇ ದೋಣಿಗಳು ತೇಲುತ್ತಿದ್ದವು. ಒಂದರಲ್ಲಿ ಹಕ್ಕಿಗಳು ದೋಣಿಯ ಮುಂದೆ ಸಾಲುಗಟ್ಟಿ ಅಂದವಾಗಿ ಹಾರುತ್ತಿದ್ದವು. ಇನ್ನೊಂದರಲ್ಲಿ ಹಿಂದೆ ಹಿಂದೆ ಗುಂಪುಗುಂಪಾಗಿ ಕಿತ್ತಾಡುತ್ತ ಬರುತ್ತಿದ್ದವು. 'ದೋಣಿಯ ಹಿಂದೆ ಹಕ್ಕಿ ಜಗಳಾಡ್ತಾ ಬಂದರೆ ಬಲೆ ತುಂಬಿದೆ ಅಂತ ದಡದಲ್ಲೇ ಗೊತ್ತಾಗ್ತಿತ್ತು' ಅಂತ ದುಗ್ಗಲೆ ಹೇಳಿದ್ದಳಲ್ಲ! ಕೇತಮಲ್ಲ ಹಿಂದೆ ಹಾರುವ ಹಕ್ಕಿಗಳ ಚಿತ್ರಕ್ಕೆ ಕೈಯಿಟ್ಟ. ಕೈಗೆ ತಣ್ಣನೆ ಗಾಳಿ ತಾಗಿತು. ಜೋಗಿಯ ನಗು ಕಮ್ಮಿಯಾಯಿತು.

ಆಮೇಲೆ ನಡುಹಗಲಿನ ಕಡಲು. ಎರಡರಲ್ಲೂ ಒಬ್ಬಳು ಹೆಂಗಸು ಒದ್ದೆ ಮರಳಿನ ಮೇಲೆ ನಡೆಯುತ್ತಿದ್ದಳು. ಅದೇ ಸೀರೆ, ಅದೇ ಬುಟ್ಟಿ, ಅದೇ ಬಿಸಿಲು. ಕೇತಮಲ್ಲ ಕಣ್ಣು ಕಿರಿದು ಮಾಡಿ ಅವಳ ಪಾದವನ್ನೇ ನೋಡಿದ. ಒಂದರಲ್ಲಿ ಕಾಲಿಟ್ಟ ಕಡೆ ಮರಳು ಒದ್ದೆಯಾಗಿಯೇ ಇತ್ತು. ಇನ್ನೊಂದರಲ್ಲಿ ಕಾಲೂರಿದ ಕೂಡಲೇ ಪಾದದ ಸುತ್ತ ಮರಳು ಒಣಗಿದ ಹಾಗೆ ಬೆಳ್ಳಗಾಗಿ, ಮತ್ತೆ ಒದ್ದೆಯಾಗುತ್ತಿತ್ತು. 'ಚಿಕ್ಕವಳಿದ್ದಾಗ ನನ್ನ ಕಾಲಲ್ಲಿ ಬೆಂಕಿ ಇದೆ, ಅದಕ್ಕೇ ಮರಳು ಒಣಗ್ತದೆ ಅಂದುಕೊಂಡಿದ್ದೆ' ಅಂತ ದುಗ್ಗಲೆ ನಕ್ಕಿದ್ದಳು. ಆ ಚಿತ್ರವೂ ಕೇತಮಲ್ಲನದಾಯಿತು. ಜೋಗಿ ಹಲ್ಲು ಕಡಿದ.

ಕೊನೆಗೆ ಸಂಜೆಯ ಕಡಲು. ಹೊನ್ನಿನ ನೀರು, ಮುಳುಗುವ ಸೂರ್ಯ, ಬಾಗಿದ ತೆಂಗು. ಈ ಸಲ ಎಷ್ಟು ನೋಡಿದರೂ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹೆಂಡತಿ ಹೇಳಿದ ಒಂದೊಂದೇ ಮಾತನ್ನು ನೆನೆದ, ಯಾವುದೂ ಕೂಡಿಬರಲಿಲ್ಲ.

"ಯಾಕೆ ತಡ? ಕೈಯಿಡು," ಎಂದ ಜೋಗಿ.

ದುಗ್ಗಲೆ ಇನ್ನೊಂದು ಮಾತು ಹೇಳಿದ್ದಳು: ಕಡಲೂರಿನವರಿಗೆ ಕಡಲು ನೋಡಲು ಕಣ್ಣೇ ಬೇಡವಂತೆ. ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗಲೇ, ಕಡಲು ಇವತ್ತು ಸಿಟ್ಟಾಗಿದೆಯೋ ಸಮಾಧಾನದಲ್ಲಿದೆಯೋ ಅಂತ ಸದ್ದಿನಿಂದ ತಿಳಿಯುತ್ತಂತೆ. ಆ ಮಾತು ನೆನಪಾದದ್ದೇ ತಡ, ಕೇತಮಲ್ಲ ಕಣ್ಣು ಮುಚ್ಚಿದ. ಎಡಗಡೆ ಚಿತ್ರದಿಂದ ಸದ್ದಿಲ್ಲ. ಬಲಗಡೆ ಚಿತ್ರದಿಂದಲೂ ಸದ್ದಿಲ್ಲ. ಆದರೆ ಎಲ್ಲಿಂದಲೋ, ಹೊದ್ದು ಮಲಗಿದವರ ಉಸಿರಿನಂತೆ, ಹೋ... ಎಂದು ಬಂದು ಹೋ... ಎಂದು ಹೋಗುವ ಸದ್ದು. ಅವನು ಹಿಂದೆಂದೂ ಕೇಳದ ಸದ್ದು. ಆದರೂ ಇದೇ ಅಂತ ಗೊತ್ತಾಯಿತು.

ಕಣ್ಣು ತೆರೆದು ಹೇಳಿದ: "ಇವೆರಡರಲ್ಲೂ ಕಡಲಿಲ್ಲ. ಕಡಲು ನಿನ್ನ ಮೊಣಕೈ ಕೆಳಗಿದೆ."

ಜೋಗಿ ಧಡಕ್ಕನೆ ಎದ್ದ. "ಹುಲೀ, ಹಿಡಿ ಇವನನ್ನ!" ಎಂದು ಕಿರುಚಿದ. ಹುಲಿ ಬಾಗಿಲಿನಿಂದ ಎಗರಿತು. ಅದು ನೆಲ ಮುಟ್ಟುವಷ್ಟರಲ್ಲಿ ಕೇತಮಲ್ಲ ಒರಗುದಿಂಬಿನ ದಾರ ಹಿಡಿದು ಜಗ್ಗಿದ. ಅದು ದಿಂಬಲ್ಲ, ಸುತ್ತಿಟ್ಟ ಬಟ್ಟೆ. ಮಾಕವ್ವೆಯ ಮೂಲ ಚಿತ್ರ! ಬಟ್ಟೆ ಸುರುಳಿ ಬಿಚ್ಚಿಕೊಂಡಿತು, ಅದರೊಳಗಿಂದ ಒಂದು ಅಲೆ ಎದ್ದಿತು. ಆಳೆತ್ತರದ ಉಪ್ಪುನೀರಿನ ಅಲೆ.

ಅಲೆ ಹುಲಿಯ ಮೇಲೆ ಹೋಯಿತು. ಹುಲಿಯಿದ್ದ ಜಾಗದಲ್ಲಿ ಒದ್ದೆಯಾದ ಬಿಳಿ ಬೆಕ್ಕೊಂದು ಕೂತು ಸೀನಿತು. ಅಲೆ ಸಾಲಾಗಿ ಕೂತವರ ಮೇಲೆ ಹೋಯಿತು. ಕೈಯ ಕಪ್ಪು ತೊಳೆದುಹೋಗಿ, ಅವರೆಲ್ಲ ನಿದ್ದೆಯಿಂದ ಎದ್ದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಸಿಜೋಗಿಯ ಮೇಲೆ ಹೋಯಿತು; ಅವನು ಮೈಯೆಲ್ಲ ಮಸಿಯೇ ಆದವನು, ಕರಗಿ, ಹರಿದು, ಬಾಗಿಲಾಚೆಯ ಬಂಡೆಗಳ ನಡುವೆ ಇಂಗಿಹೋದ. ಅಲ್ಲಿಗೆ ಅವನ ಕತೆ ಮುಗಿಯಿತು.

ನೀರು ಇಳಿದ ಮೇಲೆ ಚಿತ್ರದೊಳಗಿಂದ ಸೆರಗು ಹಿಂಡಿಕೊಳ್ಳುತ್ತ ಒಬ್ಬಳು ಮುದುಕಿ ಹೊರಗೆ ಬಂದಳು. ಮಾಕವ್ವೆ. ಬೆಕ್ಕು ಓಡಿಹೋಗಿ ಅವಳ ಕಾಲಿಗೆ ಸುತ್ತಿಕೊಂಡಿತು.

"ನಾನು ಬರೆದ ಕಡಲೊಳಗೇ ನನ್ನನ್ನ ಕೂಡಿಹಾಕಿದ್ದ, ಪಾಪಿ," ಎಂದಳು. "ಏನು ಬೇಕು ಮಗನೇ, ಕೇಳು. ಮೂಲ ಚಿತ್ರವನ್ನೇ ಕೊಡ್ತೇನೆ."

"ಬೇಡ ಅವ್ವ, ಅದು ನಿಮ್ಮದು. ಎರಡು ನಕಲು ಸಿಕ್ಕಿವೆ. ಸಂಜೆಯದೂ ಒಂದಿದ್ದರೆ ಸಾಕಿತ್ತು."

"ಅದಕ್ಕೇನು? ಕೂತ್ಕೋ, ಬಣ್ಣ ಅರೆದುಕೊಡು."

ಬಿಡುಗಡೆಯಾದವರೆಲ್ಲ ಕೇತಮಲ್ಲನಿಗೆ ಕೈಮುಗಿದು ತಮ್ಮ ತಮ್ಮ ಊರಿನ ದಾರಿ ಹಿಡಿದರು. ಕೆಂಚವ್ವನ ತಮ್ಮನಂತೂ ಹಿಂದೆ ನೋಡದೆ ಓಡಿದ. ಮಾಕವ್ವೆ ಸಂಜೆಯ ಕಡಲನ್ನು ಹೊಸದಾಗಿ ನಕಲು ಮಾಡಲು ಕೂತಳು. ಮುಗಿಯುತ್ತ ಬಂದಾಗ ಅವಳ ಕೈ ಸೋತಿತು. "ಆ ಮೂಲೆಯಲ್ಲೊಂದು ತೆಂಗಿನ ಮರ ಬಾಕಿ ಇದೆ, ನೀನೇ ಬರೆ" ಅಂದಳು. ಕೇತಮಲ್ಲ ನಾಲಿಗೆ ಕಚ್ಚಿಕೊಂಡು, ಬಹಳ ಮುತುವರ್ಜಿಯಿಂದ ಬರೆದ.

ಅವನು ಮೂರು ಚಿತ್ರ ಹೊತ್ತು ಊರಿಗೆ ಬಂದಾಗ ಅರಮನೆಗೆ ಅರಮನೆಯೇ ಬಾಗಿಲಿಗೆ ಬಂತು. ದುಗ್ಗಲೆಯ ಕೋಣೆಯ ಗೋಡೆಗೆ ಮೂರನ್ನೂ ತೂಗುಹಾಕಿದರು. ಅಲೆಗಳು ಎದ್ದವು. ಪರದೆಗಳು ಹಾರಾಡಿದವು. ಅತ್ತೆ, "ಅಯ್ಯೋ, ಕಾಲು ಒದ್ದೆಯಾಯಿತಲ್ಲೇ!" ಅಂತ ಸೀರೆ ಎತ್ತಿಕೊಂಡು ಹಿಂದೆ ಸರಿದಳು. ದುಗ್ಗಲೆ ಗಾಳಿಗೆ ಮುಖ ಒಡ್ಡಿ ನಿಂತಳು. ಕಣ್ಣಲ್ಲಿ ನೀರು ತುಂಬಿತು, ತುಟಿಯಲ್ಲಿ ನಗುವೂ ಬಂತು. ಆಮೇಲೆ ಮೂರನೆಯ ಚಿತ್ರದ ಮೂಲೆಗೆ ಬೆರಳು ತೋರಿಸಿ ಕೇಳಿದಳು:

"ಈ ತೆಂಗಿನ ಮರ ಯಾರು ಬರೆದದ್ದು?"

"ಯಾಕೆ?"

"ದಂಡೆಯ ತೆಂಗು ಕಡಲ ಕಡೆಗೆ ಬಾಗ್ತದೆ. ಇದು ಕಡಲಿಗೆ ಬೆನ್ನು ಹಾಕಿ ಊರ ಕಡೆ ಹೊರಟಿದೆಯಲ್ಲ!"

ಕೇತಮಲ್ಲ ತಲೆ ಕೆರೆದುಕೊಂಡ. "ಅದು... ಅದೊಂದು ಮಾತ್ರ ನನ್ನದು. ಹೇಳಿಕಳಿಸಿದರೆ ಮಾಕವ್ವೆ ಬಂದು ತಿದ್ದಿಕೊಡ್ತಾಳೆ."

"ಮುಟ್ಟಿಸಿದರೆ ನೋಡಿ ಮತ್ತೆ!" ಎಂದಳು ದುಗ್ಗಲೆ. ಅವತ್ತು ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಕಾಲ ತುಂಬಿ ಹೆಣ್ಣು ಮಗು ಹುಟ್ಟಿತು. ಅಲೆಯ ಸದ್ದಿಗೇ ಮಲಗಿತು, ಅಲೆಯ ಸದ್ದಿಗೇ ಎದ್ದಿತು. ಮಗು ಓಡಾಡುವಂತಾದಾಗ ಮೂವರೂ ಘಟ್ಟ ಇಳಿದು ನಿಜವಾದ ಕಡಲು ನೋಡಲು ಹೋದರು. ಕೇತಮಲ್ಲ ಮೊದಲ ಸಲ ಕಡಲ ಮುಂದೆ ನಿಂತು, ಹೆಂಡತಿಯ ಕೈ ಹಿಡಿದು, ನೀನು ಹೇಳಿದ್ದು ಕಮ್ಮಿಯೇ ಆಯಿತು ಎಂದ. ಮಗಳು ಮಾತ್ರ ದಂಡೆಯುದ್ದಕ್ಕೂ ತೆಂಗಿನ ಮರಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಕೊನೆಗೆ ಮುಖ ಸಣ್ಣದು ಮಾಡಿಕೊಂಡು ಬಂದು ಕೇಳಿದಳು:

"ಅಪ್ಪಾ, ಮನೆಗೆ ಹೋಗೋ ಮರ ಎಲ್ಲಿ?"

ದುಗ್ಗಲೆ ನಕ್ಕೂ ನಕ್ಕೂ ಮರಳ ಮೇಲೆ ಕೂತುಬಿಟ್ಟಳು. ಆಮೇಲೆ ಅವರು ಬೆಟ್ಟಕ್ಕೆ ಹೋದಾಗ ಬೆಟ್ಟದಲ್ಲಿ ಸುಖವಾಗಿದ್ದರು, ಕಡಲಿಗೆ ಬಂದಾಗ ಕಡಲಲ್ಲಿ ಸುಖವಾಗಿದ್ದರು. ಕತೆ ಕೇಳಿದ ನೀವು ನಿಮ್ಮ ನಿಮ್ಮ ಊರಲ್ಲಿ ತಣ್ಣಗಿರಿ.