ದಣಿದ ಬೋಲ್ಟ್

ಕೈ ಗ್ರೀಸಾದರೆ ಬಾಯಿ ಮೊಸರು ಅಂತಾರೆ. ಆ ಸಂಜೆ ನಮಗೆ ಮಜ್ಜಿಗೆಯೂ ಇರಲಿಲ್ಲ. ನಗಬೇಡಿ, ಇದು ನಡೆದದ್ದೇ.

ಕಡಯಂಪಟ್ಟಿ ಬಳಿಯ ವಿಮಾನ ತರಬೇತಿ ಶೆಡ್ಡಿನಲ್ಲಿ ಗೋವಿಂದರಾಜು ಮತ್ತು ನಾನು ಬೆಳಗಿನಿಂದ ಒಂದು ಪುಟ್ಟ ವಿಮಾನಕ್ಕೆ ಪ್ರೊಪೆಲ್ಲರ್ ಕೂರಿಸುತ್ತಿದ್ದೆವು. ಮರುದಿನ ತನ್ಮಯಿ ಎಂಬ ಹುಡುಗಿ ಅದರಲ್ಲಿ ಮೊದಲ ಸಲ ಒಬ್ಬಳೇ ಹಾರಬೇಕಿತ್ತು. ಕೊನೆಗೆ ಒಂದು ಹೊಸ ಬೋಲ್ಟ್ ಕಡಿಮೆ ಬಿತ್ತು. ಒಮ್ಮೆ ಬಿಗಿದಾಗ ಎಳೆತಕ್ಕೆ ಹಿಗ್ಗಿ ದಣಿದ ಬೋಲ್ಟನ್ನು ಮತ್ತೆ ಹಾಕಿದರೆ ಆಕಾಶದಲ್ಲಿ ಮುರಿಯಬಹುದು.

“ಸಾಕಾಗೋಯ್ತು ಕಣ್ಲಾ. ಅಳೇದನ್ನೇ ಆಕಾನ, ಪರವಾಯಿಲ್ಲೆ,” ಎಂದ ಗೋವಿಂದರಾಜು, ವಿಮಾನದ ಮೂತಿಯ ಬಳಿ ಹಳೆ ಬೋಲ್ಟ್ ಕೈಯಲ್ಲಿ ಹಿಡಿದು.

ದನಿ ಅಣಕಿಸುವುದು ನನ್ನ ಚಟ. ವಿಮಾನದ ಬಾಲದ ಹಿಂದೆ ನಿಂತು, ಹೋದ ತಿಂಗಳು ತೀರಿಕೊಂಡ ನಮ್ಮ ಹಿರಿಯ ಮೆಕ್ಯಾನಿಕ್ ಸೇತುಮಾಧವ ಸಾರ್ ಹಾಗೆ ಕೆಮ್ಮಿ, “ಅದೂ ದಣಿದಿದೆ ಕಣಪ್ಪಾ, ಬಿಡು,” ಎಂದೆ.

ಕಾದ ತಗಡಿನ ಶೆಡ್ಡಿನಲ್ಲಿ ಸಾರ್ ಏರಿಸುತ್ತಿದ್ದ ನಶ್ಯದ ವಾಸನೆ ಬಂತು. ಕಸದ ಡಬ್ಬಿಗೆ ಬೋಲ್ಟ್ ಟಣ್ಣನೆ ಬಿತ್ತು. ಹಳೆಯದನ್ನು ಸಾರ್ ಹಾಗೇ ಎಸೆಯುತ್ತಿದ್ದರು.

ಗೋವಿಂದರಾಜು ಮೂತಿಯ ಕಡೆಯಿಂದ ಹೊಟ್ಟೆ ಹಿಡಿದು ನಗತೊಡಗಿದ. “ಎದರಿಸ್ಬುಟ್ಟಲ್ಲೋ! ದನಿ ಅಂಗೇ ಐತೆ. ಆದ್ರೆ ಬೋಲ್ಟ್ ಯಾಕ್ಲಾ ಕೈಯಿಂದ ಕಿತ್ಕೊಂಡೆ? ನಿನ್ ಕೈ ಐಸ್ ಆಗೈತಲ್ಲೋ!”

ನಾನು ವಿಮಾನದ ಬಾಲದ ಹಿಂದಿನಿಂದ ಕದಲಿರಲಿಲ್ಲ. ನಾನೂ ನಕ್ಕೆ, ಆದರೆ ಅವನಷ್ಟು ಜೋರಾಗಿ ನಗಲು ಆಗಲಿಲ್ಲ.