ಇಬ್ಬರಾದರೂ ನೋಡಿರಬೇಕು

ಮಾತಾಡಬಾರದು. ಕೆಂಪು ಬಟ್ಟೆ ಹಾಕಬಾರದು. ಒಬ್ಬರೇ ಕಂಡ ಹಕ್ಕಿ ಲೆಕ್ಕಕ್ಕಿಲ್ಲ, ಇಬ್ಬರಾದರೂ ನೋಡಿರಬೇಕು. ಹಳೇ ಅರಮನೆಯ ತೋಟದಲ್ಲಿ ಭಾನುವಾರ ಬೆಳಗ್ಗೆ ಹಕ್ಕಿ ನೋಡುವ ಗುಂಪಿಗೆಲ್ಲ ಅಣ್ಣನದೇ ಕಾನೂನು. ಅದಕ್ಕೇ ಅವನ ತಂಗಿ, ಆಸ್ಪತ್ರೆಯ ನರ್ಸು, ಇವತ್ತು ಬೇಕಂತಲೇ ಕೆಂಪು ಸ್ವೆಟರ್ ಹಾಕಿಕೊಂಡು ಬಂದಿದ್ದಳು.

ಶರತ್ಕಾಲ ಆಗಷ್ಟೇ ಕಾಲಿಟ್ಟಿತ್ತು. ಎಲೆಗಳ ಅಂಚೆಲ್ಲ ಹಳದಿ, ಗಾಳಿಯಲ್ಲಿ ಸಣ್ಣ ಚಳಿ. ಅವಳ ತಲೆ ಮಾತ್ರ ಕಾದಿತ್ತು. ನಿನ್ನೆ ಅಣ್ಣ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ: “ಆ ಕನ್ನಡಕದಂಗಡಿಯವನದು ಆಗಲೇ ಒಂದು ಮದುವೆ ಮುರಿದಿದೆ. ಅವನ ಸಹವಾಸ ಬಿಡು.”

ಅಣ್ಣನ ಮೇಲಿಗಿಂತ ಹೆಚ್ಚು ಸಿಟ್ಟು ಬಂದದ್ದು ಕನ್ನಡಕದವನ ಮೇಲೆ. “ನಿಮ್ಮಣ್ಣ ಒಪ್ಪೋವರೆಗೂ ದೂರ ಇರೋಣ” ಅಂದುಬಿಟ್ಟಿದ್ದ, ಪುಣ್ಯಾತ್ಮ! ಈಗ ನೋಡಿ, ಅವಳು ಮುರಿದ ಕಮಾನಿನ ಪಕ್ಕ ನಿಂತರೆ ಅವನು ಗುಂಪಿನ ಆ ತುದಿಯಲ್ಲಿ, ನೆನೆದ ಬೆಕ್ಕಿನ ಹಾಗೆ. ಕಣ್ಣು ಮಾತ್ರ ಸುಮ್ಮನಿಲ್ಲ. ಅವಳು ತಿರುಗಿದ್ದೇ ತಡ, ಬೈನಾಕ್ಯುಲರ್ ಎತ್ತಿಕೊಂಡ. ಅದೂ ಉಲ್ಟಾ! ನಗು ಬಂತು, ತುಟಿ ಕಚ್ಚಿ ತಡೆದಳು.

ಅಷ್ಟರಲ್ಲಿ ಕಮಾನಿನ ಮೇಲೊಂದು ಹಕ್ಕಿ. ತಲೆಯ ಕಿರೀಟ ಬಿಚ್ಚಿತು, ಮಡಚಿತು, ಪುರ್ರನೆ ಹಾರಿಹೋಯಿತು.

“ಚಂದ್ರಮುಕುಟ!” ಕೂಗಿಯೇಬಿಟ್ಟಳು.

ಅಣ್ಣ ಹುಬ್ಬು ಗಂಟಿಕ್ಕಿದ. “ಅದು ಈ ತೋಟಕ್ಕೆ ಬರದೆ ವರ್ಷಗಳಾದವು. ಇನ್ಯಾರು ನೋಡಿದ್ರಿ?”

ಎಲ್ಲರೂ ಮುಖ ಮುಖ ನೋಡಿಕೊಂಡರು. ಅಣ್ಣ ಕನ್ನಡಕದವನ ಕಡೆ ತಿರುಗಿದ. “ನೀವು ಆ ಕಡೆಗೇ ನೋಡ್ತಿದ್ರಲ್ಲ. ಕಾಣಿಸ್ತಾ?”

ಒಂದು ಹೂಂ ಅಂದರೆ ಸಾಕಿತ್ತು.

“ಇಲ್ಲ ಸರ್,” ಅಂದ.

ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟೇನಾ ಇವನು? ಸರಿ, ಇವತ್ತಿಗೆ ಮುಗೀತು.

“ನಾನು ಹಕ್ಕಿ ನೋಡ್ಲಿಲ್ಲ. ಇವರನ್ನ ನೋಡ್ತಿದ್ದೆ.” ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಪ್ರತಿ ಭಾನುವಾರ ಇವರನ್ನ ನೋಡೋಕೇ ಬರೋದು. ದೂರ ಇರೋಣ ಅಂದಿದ್ದು ನನ್ನ ದಡ್ಡತನ. ನನಗೆ ಇವರು ಬೇಕು ಸರ್.”

ಅಣ್ಣನ ಮುಖ ಅವಳ ಸ್ವೆಟರಿಗಿಂತ ಕೆಂಪಾಯಿತು. “ನಾಚಿಕೆ ಆಗಲ್ವಾ, ಎಲ್ಲರ ಮುಂದೆ?”

ಅವಳು ಸರಸರ ನಡೆದು ಹೋಗಿ ಅವನ ಕೈ ಹಿಡಿದಳು. ತಣ್ಣಗಿತ್ತು. ಇನ್ನೂ ಬಿಗಿಯಾಗಿ ಹಿಡಿದಳು.

“ಬೈನಾಕ್ಯುಲರ್ ಉಲ್ಟಾ ಹಿಡಿದಿದ್ರಿ,” ಪಿಸುಗುಟ್ಟಿದಳು.

“ನೀವು ತಿರುಗಿಬಿಟ್ರಲ್ಲ, ಗಾಬರಿಯಾಯ್ತು.”

ಹಿಡಿದ ಕೈಯನ್ನು ಹಾಗೇ ಮೇಲೆತ್ತಿ ಗುಂಪಿಗೆಲ್ಲ ತೋರಿಸಿದಳು.

“ನಾನೊಬ್ಬಳೇ ನೋಡಿದ ಹಕ್ಕಿ ಬಿಟ್ಟುಬಿಡು ಅಣ್ಣ. ಇದನ್ನ ಎಲ್ಲರೂ ನೋಡಿದ್ರಲ್ಲ? ಇದನ್ನ ಲೆಕ್ಕಕ್ಕೆ ತಗೋ.”